ಕಠ್ಮಂಡುವಿನ ಪರೀಕ್ಷೆಗೆ ಚಳ್ಳಕೆರೆಯ ಹಿಂಡಿ

ಚಳ್ಳಕೆರೆ

ನೇಪಾಳಕ್ಕೆ ಹೋಗಿ ಬಂದವರು ಹಿಮಾಲಯದ ಬಗ್ಗೆ ಬರೆಯುತ್ತಾರೆ. ಹಿಮಾಲಯವನ್ನು ನಾನೂ ನೋಡಿದೆ, ಚೆನ್ನಾಗಿದೆ. ಆದರೆ ನಾನು ಬರೆಯಬೇಕಾಗಿರುವುದು ಮೇಕೆಗಳ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ನನ್ನ ಬಾಯಿಯ ಬಗ್ಗೆ.

ಮೊದಲು ನನ್ನ ಪರಿಚಯ. ಹೆಸರು ಮಹೇಶ. ಚಳ್ಳಕೆರೆಯಲ್ಲಿ ಹುಟ್ಟಿ, ಅಲ್ಲೇ ಓದಿ, ಓದಿದ ಕಾಲೇಜಿನಲ್ಲೇ ಈಗ ಅರ್ಥಶಾಸ್ತ್ರದ ಮೇಷ್ಟ್ರು. ಅಪ್ಪನದು ಶೇಂಗಾ ಎಣ್ಣೆ ಮಿಲ್ಲು. ನನಗೆ ಹಾಡು ಬರುವುದಿಲ್ಲ, ಇಸ್ಪೀಟು ಬರುವುದಿಲ್ಲ, ಬರುವುದು ಒಂದೇ ಒಂದು ಕಥೆ. ಮದುವೆ ಮನೆಯಿರಲಿ, ಸ್ಟಾಫ್ ರೂಮಿರಲಿ, ಬಸ್ಸು ಕೆಟ್ಟು ನಿಂತ ಜಾಗವಿರಲಿ, ಜನ ಸುತ್ತ ಕೂತರೆ ಅದು ತಾನಾಗಿಯೇ ಹೊರಬರುತ್ತದೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾವು ಬಿ.ಎ. ಕೊನೆಯ ವರ್ಷದಲ್ಲಿದ್ದೆವು. ಅರ್ಧ ಪಾಠವೂ ಮುಗಿದಿರಲಿಲ್ಲ, ಪರೀಕ್ಷೆಯ ವೇಳಾಪಟ್ಟಿ ಬಂದುಬಿಟ್ಟಿತು. ಮುಂದೂಡಿ ಎಂದು ಮುಷ್ಕರ ಹೂಡಿದೆವು. ನಾಯಕ ನಾನು. ಪರೀಕ್ಷೆಯ ದಿನ ಗೇಟಿಗೆ ಪೊಲೀಸರು ಬಂದು ನಿಲ್ಲುತ್ತಾರೆ ಎಂದು ಹಿಂದಿನ ದಿನವೇ ಗೊತ್ತಾಯಿತು. ಆಗ ನನ್ನ ತಲೆಗೆ ಹೊಳೆದದ್ದು ಇಷ್ಟು: ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಯಾರನ್ನೂ ಒಳಗೆ ಬಿಡುವ ಹಾಗಿಲ್ಲ. ಹಾಗಾದರೆ ಇಡೀ ದಿನ ಗೇಟು ಹಿಡಿಯುವ ಕಷ್ಟ ಯಾಕೆ? ಆ ಅರ್ಧ ಗಂಟೆ ಹಿಡಿದರೆ ಸಾಕಲ್ಲ.

ಪರೀಕ್ಷೆಯ ದಿನವೇ ಕುರಿ ಸಂತೆ. ತಳಕಿನ ಕಡೆಯಿಂದ ಸಂತೆಗೆ ಬರುವ ಕುರಿಗಳೆಲ್ಲ ಕಾಲೇಜಿನ ಮುಂದೆಯೇ ಹಾದುಹೋಗುತ್ತವೆ. ಎಣ್ಣೆ ತೆಗೆದ ಮೇಲೆ ಮಿಲ್ಲಿನಲ್ಲಿ ಉಳಿಯುವ ಶೇಂಗಾ ಹಿಂಡಿಯನ್ನು ಆರು ಚೀಲ ಪುಡಿ ಮಾಡಿಸಿ ಬೆಳಗ್ಗೆ ಪೊಲೀಸರು ಬರುವ ಮುಂಚೆಯೇ ಗೇಟಿನ ಉದ್ದಕ್ಕೂ ಚೆಲ್ಲಿಸಿದೆ. ಇನ್ನೂರಕ್ಕೂ ಹೆಚ್ಚು ಕುರಿಗಳು ಬಂದವು. ತಲೆ ತಗ್ಗಿಸಿ ನಿಂತವು, ಕದಲಲಿಲ್ಲ. ಕುರಿಗಾರರು ಕೂಗಿದರು, ಪೊಲೀಸರು ಲಾಠಿ ಬೀಸಿದರು. ಮುಂದಿನ ಕುರಿಗಳನ್ನು ಓಡಿಸಿದರೆ ಹಿಂದಿನವು ಬಂದು ಅಲ್ಲೇ ನಿಲ್ಲುತ್ತಿದ್ದವು. ಸಬ್ ಇನ್ಸ್‌ಪೆಕ್ಟರು ಟೋಪಿ ತೆಗೆದು, "ಯಾರ ಮ್ಯಾಲೆ ಕೇಸ್ ಹಾಕ್ಲಿ, ಕುರಿ ಮ್ಯಾಲೆ ಹಾಕ್ಲಾ?" ಎಂದರು. ಪರೀಕ್ಷೆ ರದ್ದಾಯಿತು, ಎರಡು ತಿಂಗಳ ಮೇಲೆ ಮತ್ತೆ ನಡೆಯಿತು. ಇದಿಷ್ಟೇ ಕಥೆ. ಸಬ್ ಇನ್ಸ್‌ಪೆಕ್ಟರ ಮಾತಿಗೆ ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಲ್ಲಿಗೆ ನಿಲ್ಲಿಸಬೇಕು ಎಂಬುದು ನನಗೆ ಅಭ್ಯಾಸದಿಂದ ಗೊತ್ತು.

ಆಮೇಲೆ ಎಂ.ಎ.ಗೆಂದು ಮೈಸೂರಿಗೆ ಹೋದಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದವನು ಹರಿ, ಕಠ್ಮಂಡು ಪಕ್ಕದ ಪಾಟನ್ನಿನ ಹುಡುಗ. ಎರಡು ವರ್ಷದಲ್ಲಿ ಕನ್ನಡ ಕಲಿತ, ಮುದ್ದೆ ನುಂಗುವುದನ್ನು ಕಲಿತ, ಈ ಕಥೆಯನ್ನೂ ಬಾಯಿಪಾಠ ಮಾಡಿಕೊಂಡ. ಹತ್ತು ವರ್ಷದಿಂದ ಬಾ ಬಾ ಎಂದು ಕಾಗದ ಬರೆಯುತ್ತಿದ್ದ. ಆ ವರ್ಷ ದಸರಾ ರಜೆಗೆ ಮುಂಚೆ ಹೊರಟೇಬಿಟ್ಟೆ. ಹೆಂಡತಿ ಗಿರಿಜಾ ಬ್ಯಾಗಿಗೆ ಶೇಂಗಾ ಚಟ್ನಿಪುಡಿ ತುಂಬುತ್ತಾ, "ಅಲ್ಲೋಗಿ ಮತ್ತೆ ಕುರಿ ಕಥೆ ಬಿಚ್ಚಬ್ಯಾಡ್ರಿ. ಪಾಪ, ಹರಿಯಣ್ಣಂಗೆ ಕೇಳಿ ಕೇಳಿ ಸಾಕಾಗೈತೆ" ಎಂದಳು. "ಹೊಸ ಊರು, ಹೊಸ ಜನ ಇರ್ತಾರೆ ಕಣೆ" ಎಂದೆ.

ಸುನೌಲಿ

ಇಂಡಿಯಾ ನೇಪಾಳದ ಗಡಿ ಅಂದರೆ ಏನೋ ಭಾರಿ ಇರುತ್ತದೆ ಎಂದುಕೊಂಡಿದ್ದೆ. ನಮ್ಮ ರಾಂಪುರ ದಾಟಿ ಆಂಧ್ರದ ಹಳ್ಳಿಗೆ ಹೋದರೆ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ. ಆ ಕಡೆಯ ಸೈಕಲ್ ರಿಕ್ಷಾ ಈ ಕಡೆಗೆ, ಈ ಕಡೆಯ ಸೊಪ್ಪಿನ ಬುಟ್ಟಿ ಆ ಕಡೆಗೆ, ಮಾತು ಎರಡೂ ಕಡೆಯದು. ಮೊಳಕಾಲ್ಮುರಿನ ಸಂತೆಯಲ್ಲಿ ತೆಲುಗಿನಲ್ಲಿ ಬೆಲೆ ಕೇಳಿ ಕನ್ನಡದಲ್ಲಿ ಜಗಳವಾಡುವವರನ್ನು ನೋಡಿದವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಒಂದು ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ನಿಧಾನಕ್ಕೆ ಚಹಾ ಕುಡಿದು, ನನ್ನ ಕೈಗಡಿಯಾರದ ಪ್ರಕಾರ ಹತ್ತು ನಿಮಿಷ ಮುಂಚೆಯೇ ಹೋದರೆ ಬಸ್ಸು ಹೋಗಿ ಐದು ನಿಮಿಷವಾಗಿತ್ತು. ಟಿಕೆಟ್ ಕೊಟ್ಟವನು ನನ್ನ ಕೈಗಡಿಯಾರವನ್ನು ಹಿಡಿದು ನೋಡಿ, ಕಾಯಿಲೆಯವನನ್ನು ನೋಡುವ ಹಾಗೆ ನನ್ನ ಮುಖ ನೋಡಿದ. ಮುಂದಿನದು ರಾತ್ರಿ ಬಸ್ಸು, ಅದರಲ್ಲಿ ಕೊನೆಯ ಸೀಟು ಸಿಕ್ಕಿತು. ಬೆಟ್ಟದ ರಸ್ತೆಯಲ್ಲಿ ಕೊನೆಯ ಸೀಟು ಎಂದರೆ ಏನೆಂದು ನನ್ನ ಸೊಂಟಕ್ಕೆ ಇವತ್ತಿಗೂ ನೆನಪಿದೆ.

ಪಾಟನ್

ಹರಿ ಬಸ್ಸಿನ ಹತ್ತಿರವೇ ತಬ್ಬಿಕೊಂಡು, "ಬಾ ಮಾರಾಯ, ಊಟ ಆಯ್ತಾ?" ಎಂದ. ಹತ್ತು ವರ್ಷದ ಮೇಲೆ ಅವನ ಕನ್ನಡಕ್ಕೆ ತುಕ್ಕು ಹಿಡಿದಿತ್ತು, ಆದರೂ ಓಡುತ್ತಿತ್ತು. ಮನೆಯಲ್ಲಿ ಅವನ ತಾಯಿ, ನಾನೂ ಆಮಾ ಎಂದೇ ಕರೆದೆ, ಕಂಡಾಗಲೆಲ್ಲ ಕೇಳುತ್ತಿದ್ದುದು ಒಂದೇ: "ಭಾತ್ ಖಾನು ಭಯೋ?" ಅದರರ್ಥವೂ ಊಟ ಆಯ್ತಾ ಎಂದೇ. ಎದುರಿಗೆ ಕೂತು ಉಣ್ಣುತ್ತಿರುವಾಗಲೂ ಒಮ್ಮೆ ಕೇಳಿದರು. ಬೆಳಗ್ಗೆ ಒಂಬತ್ತೂವರೆಗೆ ಅನ್ನ ಬೇಳೆ, ಸಂಜೆ ಮತ್ತೆ ಅನ್ನ ಬೇಳೆ. ಈ ಮನುಷ್ಯ ಮಾಂಸ ಮುಟ್ಟುವುದಿಲ್ಲ ಎಂದು ತಿಳಿದ ಮೇಲೆ ಆಮಾ ನನ್ನನ್ನು ಜ್ವರ ಬಂದವನ ಹಾಗೆ ನೋಡಿಕೊಂಡರು. ಬೀದಿಯ ತುಂಬ ದಸರಾಕ್ಕೆಂದು ತಂದ ಮೇಕೆಗಳು. ಮನೆಗೊಂದರಂತೆ ಕಟ್ಟಿದ್ದರು, ಬಯಲಿನಲ್ಲಿ ನೂರುಗಟ್ಟಲೆ ಮಾರಾಟಕ್ಕೆ ನಿಂತಿದ್ದವು. ನಮ್ಮೂರಿನ ಸಂತೆಯೇ ಬೆಟ್ಟ ಹತ್ತಿ ಬಂದಂತಿತ್ತು.

ಹರಿಯ ತಂಗಿ ಸಬಿತಾ ಮೂಲೆಯ ಕೋಣೆಯಲ್ಲಿ ಓದುತ್ತಿದ್ದಳು. ಪಾಲ್ಪಾ ಜಿಲ್ಲೆಯ ಕಡೆ ಬೆಟ್ಟದ ಮೇಲಿನ ಒಂದು ಶಾಲೆಯಲ್ಲಿ ತಾತ್ಕಾಲಿಕ ಮೇಡಂ. ಬಸ್ಸು ಇಳಿದು ಅರ್ಧ ದಿನ ನಡೆದರೆ ಆ ಶಾಲೆ ಸಿಗುತ್ತದಂತೆ. ಈ ಸಲ ಬಿ.ಎಡ್. ಮುಗಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಮುಗಿಯಬೇಕಾಗಿದ್ದದ್ದು ಒಂದೇ ಪತ್ರಿಕೆ. ಆದರೆ ಆ ವರ್ಷಗಳಲ್ಲಿ ಅಲ್ಲಿ ಬಂದ್ ಇಲ್ಲದ ವಾರವೇ ಇರುತ್ತಿರಲಿಲ್ಲ. ಕಾಲೇಜಿಗೆ ಅವರು ಕ್ಯಾಂಪಸ್ ಎನ್ನುತ್ತಾರೆ. ಕ್ಯಾಂಪಸ್ ತೆರೆದಿರುವುದೇ ಸುದ್ದಿ. ಅವಳ ಪರೀಕ್ಷೆ ಮೂರು ಸಲ ಮುಂದೆ ಹೋಗಿತ್ತು. ಮೂರು ಸಲವೂ ಬೆಟ್ಟ ಇಳಿದು ಬಂದು, ಬರೆಯದೆ ವಾಪಸು ಹತ್ತಿದ್ದಳು.

"ಈ ಗುರುವಾರ ಖಂಡಿತ ನಡೆಯುತ್ತದೆ ದಾಜು, ಪೊಲೀಸ್ ಕಾವಲು ಹಾಕಿದ್ದಾರೆ" ಎಂದಳು ಹಿಂದಿಯಲ್ಲಿ. ದಾಜು ಎಂದರೆ ಅಣ್ಣ. ನಾನೂ ಮೇಷ್ಟ್ರ ಗತ್ತಿನಲ್ಲಿ, ಪ್ರಶ್ನೆಯನ್ನು ಎರಡು ಸಲ ಓದಿ ಬರೆ, ಗಾಬರಿಯಾಗಬೇಡ ಎಂದೆಲ್ಲ ಉಪದೇಶ ಮಾಡಿದೆ. ಪರೀಕ್ಷೆ ಎಲ್ಲಿ ಎಂದು ಮಾತ್ರ ಕೇಳಲಿಲ್ಲ.

ಚಹಾ ಅಂಗಡಿ

ಹರಿಯೂ ಮೇಷ್ಟ್ರೇ, ಮಂಗಳವಾರ ಅವನಿಗೆ ಶಾಲೆ ಇತ್ತು. ನಾನೊಬ್ಬನೇ ಸುತ್ತಾಡಲು ಹೋಗಿ, ನದಿಯ ಆಚೆ ಒಂದು ಕ್ಯಾಂಪಸ್ಸಿನ ಎದುರಿನ ಚಹಾ ಅಂಗಡಿಯಲ್ಲಿ ಕೂತೆ. ಪಕ್ಕದಲ್ಲಿ ಸಾಸಿವೆ ಎಣ್ಣೆಯ ಗಾಣ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಮನೆಯ ನೆನಪಾಗಿ ಅಲ್ಲೇ ಬೇರು ಬಿಟ್ಟೆ. ಹತ್ತು ಹನ್ನೆರಡು ಹುಡುಗರು ಬಂದು ಸುತ್ತ ಕೂತರು. ಶುಲ್ಕ ಏರಿಸಿದ್ದಕ್ಕೆ ಮುಷ್ಕರ ಮಾಡುತ್ತಿರುವವರು. ಅವರ ನಾಯಕ ಬಿನೋದ್ ಎಂಬ ತೆಳ್ಳನೆಯ ಹುಡುಗ. ಕುತ್ತಿಗೆಗೆ ಮಫ್ಲರು, ಕಣ್ಣು ಕೆಂಪು. ಇಂಡಿಯಾದ ಮೇಷ್ಟ್ರು ಎಂದು ತಿಳಿದ ಕೂಡಲೇ ಚಹಾ ತರಿಸಿಕೊಟ್ಟು ತಮ್ಮ ಗೋಳು ಹೇಳಿಕೊಂಡ. ಪೊಲೀಸರು ಗೇಟು ಬಿಡುತ್ತಿಲ್ಲ, ಗುರುವಾರ ಪರೀಕ್ಷೆ ನಡೆದುಹೋದರೆ ನಮ್ಮ ಮಾತಿಗೆ ಬೆಲೆಯೇ ಇರುವುದಿಲ್ಲ ಎಂದ.

ನಾನು ಸುಮ್ಮನಿರಬಹುದಿತ್ತು. ಗುರುವಾರ ಎಂಬ ಮಾತು ಕಿವಿಗೆ ಬಿದ್ದಾಗಲಾದರೂ ತಲೆ ಎತ್ತಬಹುದಿತ್ತು. ಆದರೆ ಹನ್ನೆರಡು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು, ನಮ್ಮ ಸಂತೆಯ ಉರ್ದುವಿನಲ್ಲಿ ನಾಲಿಗೆ ಸಲೀಸಾಗಿ ಓಡುತ್ತಿತ್ತು. ಕುರಿ ಬಂದವು, ಹಿಂಡಿ ಬಂತು, ಸಬ್ ಇನ್ಸ್‌ಪೆಕ್ಟರೂ ಬಂದರು. ಹುಡುಗರು ಬೆಂಚು ಬಡಿದು ನಕ್ಕರು. ಅಂಗಡಿಯವನೂ ನಕ್ಕ. ಬಿನೋದ್ ಮಾತ್ರ ನಗುವುದನ್ನು ನಿಲ್ಲಿಸಿ ಕೇಳಿದ: "ಹಿಂಡಿ ಅಂದರೆ ಪಿನಾ ತಾನೇ ಗುರೂಜಿ? ಒಳಗೆ ಬಿಡುವುದು ಅರ್ಧ ಗಂಟೆಯೇ?"

"ಅರ್ಧ ಗಂಟೆ" ಎಂದೆ. ಪುಡಿ ಮಾಡಿ ಹಾಕಬೇಕು, ದೊಡ್ಡ ತುಂಡಾದರೆ ಕಚ್ಚಿಕೊಂಡು ಓಡುತ್ತವೆ ಎಂದೂ ಹೇಳಿದೆ. ಪಾಠ ಮಾಡುವವನಿಗೆ ಪ್ರಶ್ನೆ ಕೇಳುವ ಶಿಷ್ಯ ಸಿಕ್ಕರೆ ಆಗುವ ಸಂತೋಷ ನನಗೆ ಅವತ್ತು ಆಗಿತ್ತು. ಸಬಿತಾಳ ಪರೀಕ್ಷೆ ಅಲ್ಲೇ ಎಂದು ಗೊತ್ತಿದ್ದರೆ ಹೇಳುತ್ತಿರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಗೊತ್ತಿದ್ದರೂ ಹೇಳುತ್ತಿದ್ದೆನೇನೋ. ಆ ನಗು ಅಷ್ಟು ರುಚಿಯಾಗಿತ್ತು.

ಗುರುವಾರ

ಅವತ್ತು ವಾಹನ ಬಂದ್. ಸಬಿತಾ, ಹರಿ, ನಾನು ನಡೆದೇ ಹೊರಟೆವು. ಆಮಾ ಮಗಳ ಹಣೆಗೆ ಟೀಕಾ ಇಟ್ಟು, ಬಾಯಿಗೆ ಮೊಸರು ಹಾಕಿದ್ದರು. ಖಾಲಿ ರಸ್ತೆಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ನಮ್ಮಲ್ಲಿ ಬಂದ್ ಎಂದರೆ ಜನ ಮನೆಯಲ್ಲಿ ಮಲಗುತ್ತಾರೆ, ಅಲ್ಲಿ ಊರಿಗೆ ಊರೇ ಬೀದಿಗಿಳಿದು ನಡೆಯುತ್ತದೆ. ನದಿ ದಾಟಿದೆವು. ಸಾಸಿವೆ ಎಣ್ಣೆಯ ವಾಸನೆ ಬಂತು. ನನ್ನ ಕಾಲು ತಾನಾಗಿ ನಿಧಾನವಾಯಿತು.

ತಿರುವು ದಾಟಿದರೆ ಗೇಟೇ ಕಾಣಿಸಲಿಲ್ಲ. ಇದ್ದದ್ದು ಬರೀ ಮೇಕೆ. ಮಾರಾಟಕ್ಕೆ ತಂದವುಗಳನ್ನು ಬಯಲಿನಿಂದ ಹೊಡೆದುಕೊಂಡು ಬಂದಿದ್ದರು. ನಮ್ಮ ಕುರಿಗಳಾದರೂ ತಲೆ ತಗ್ಗಿಸಿ ನಿಂತಿದ್ದವು, ಇವು ಒಂದರ ಮೇಲೊಂದು ಹತ್ತುತ್ತಿದ್ದವು, ಲಾಠಿಗೇ ಕೊಂಬು ಕೊಡುತ್ತಿದ್ದವು. ನೆಲದ ಮೇಲೆ ಹಳದಿ ಪುಡಿ, ಸರಿಯಾಗಿ ನಾನು ಹೇಳಿಕೊಟ್ಟಷ್ಟೇ ನುಣ್ಣಗೆ. ರಸ್ತೆಯ ಜನ ನಗುತ್ತಿದ್ದರು. ಹಾಲ್ ಟಿಕೆಟ್ ಹಿಡಿದ ಐವತ್ತು ಅರವತ್ತು ಹುಡುಗ ಹುಡುಗಿಯರು ಮಾತ್ರ ನಗುತ್ತಿರಲಿಲ್ಲ.

ಸಬಿತಾ ಸೀರೆಯ ನೆರಿಗೆ ಎತ್ತಿಕೊಂಡು ಒಳಗೆ ನುಗ್ಗಿದಳು. ನಾಲ್ಕು ಹೆಜ್ಜೆ ಹೋಗಿ ಬಿದ್ದಳು. ಹರಿ ಎತ್ತಿ ತಂದ. ಮತ್ತೆ ನುಗ್ಗಿದಳು. ಒಳಗೆ ಗಂಟೆ ಹೊಡೆಯಿತು. ಅರ್ಧ ಗಂಟೆಯ ಮೇಲೆ ಎರಡನೆಯ ಗಂಟೆಯೂ ಹೊಡೆಯಿತು. ಅಷ್ಟು ಹೊತ್ತೂ ನಾನು ಒಂದು ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಮೇಕೆಯನ್ನೂ ಕೈಯಿಂದ ತಳ್ಳಲಿಲ್ಲ. ಯಾಕೆ ಎಂದು ಕೇಳಿದರೆ, ಮುಂದೆ ಹೋದರೆ ಬಿನೋದ್ ನನ್ನನ್ನು ನೋಡುತ್ತಾನೆ ಎಂಬ ಹೆದರಿಕೆ.

ಅವನು ನೋಡಿಯೇಬಿಟ್ಟ. ಕಾಂಪೌಂಡಿನ ಮೇಲೆ ನಿಂತು, ಎರಡೂ ಕೈ ಎತ್ತಿ ಮುಗಿದು, "ಗುರೂಜಿ! ನೋಡಿದಿರಾ ಗುರೂಜಿ!" ಎಂದು ಕೂಗಿದ. ಅವನ ಮುಖದಲ್ಲಿ ದ್ವೇಷವಿರಲಿಲ್ಲ, ಮೇಷ್ಟ್ರಿಗೆ ಲೆಕ್ಕ ಬಿಡಿಸಿ ತೋರಿಸಿದ ಹುಡುಗನ ಖುಷಿ ಇತ್ತು. ನಾನು ತಲೆ ತಗ್ಗಿಸಿದೆ. ಮತ್ತೆ ಎತ್ತುವಷ್ಟರಲ್ಲಿ ಹರಿ, ಸಬಿತಾ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು.

ಪರೀಕ್ಷೆ ರದ್ದಾಗಲಿಲ್ಲ. ಒಳಗಿನ ಹಾಸ್ಟೆಲಿನವರು ಬರೆದರು, ಹೊರಗಿನವರು ಗೈರುಹಾಜರಿ. ಇನ್ನು ಮುಂದಿನ ವರ್ಷವೇ.

ಮಧ್ಯಾಹ್ನ ಆಮಾ ಎಂದಿನಂತೆ ಭಾತ್ ಖಾನು ಭಯೋ ಎಂದರು. ಸಬಿತಾಳೇ ನನಗೆ ಬಡಿಸಿದಳು. ಅವಳ ಮೊಣಕೈ ತರಚಿತ್ತು. ಬಡಿಸುತ್ತಾ ಕೇಳಿದಳು: "ದಾಜು, ನಿಮ್ಮ ಊರಲ್ಲಿ ಪರೀಕ್ಷೆ ನಿಂತುಹೋಗಿತ್ತಲ್ಲ, ದೂರದ ಹಳ್ಳಿಗಳಿಂದ ಬಂದವರು ಆಮೇಲೆ ಬರೆದರಾ?"

"ಬರೆದರು."

"ಎಲ್ಲರೂ?"

"ಎಲ್ಲರೂ" ಎಂದೆ. ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷದಲ್ಲಿ, ಇಷ್ಟು ಸಲ ಕಥೆ ಹೇಳಿದವನಿಗೆ ಈ ಪ್ರಶ್ನೆ ಒಮ್ಮೆಯೂ ಎದುರಾಗಿರಲಿಲ್ಲ.

ಬಸ್ ಪಾರ್ಕ್

ಆಮೇಲೆ ಮೂರು ದಿನ ಆ ಮನೆಯಲ್ಲಿದ್ದೆ. ಪಶುಪತಿನಾಥನ ದರ್ಶನವಾಯಿತು. ಹಿಮಾಲಯ ಕಂಡದ್ದೂ ಆಗಲೇ. ಹೇಳಿಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಬಾಯಿ ತೆರೆದೆ. ಪ್ರತಿ ಸಲವೂ ಯಾರಾದರೂ ಅದರೊಳಗೆ ಏನಾದರೂ ತಿನ್ನಲು ಹಾಕುತ್ತಿದ್ದರು. ಸಬಿತಾ ಪುಸ್ತಕಗಳನ್ನು ಟ್ರಂಕಿಗೆ ಜೋಡಿಸುತ್ತಿದ್ದಳು. ಪಾಲ್ಪಾದ ಹೆಡ್‌ಮಾಸ್ಟರಿಗೆ ಹರಿ ಫೋನು ಮಾಡಿದ. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರಂತೆ.

ಹೊರಡುವ ಬೆಳಗ್ಗೆ ಹರಿಯೊಬ್ಬನೇ ಬಸ್ ಪಾರ್ಕಿಗೆ ಬಂದ. ಡ್ರೈವರು ಎಂಜಿನ್ ಶುರು ಮಾಡಿದ ಮೇಲೆ ನನಗೆ ಧೈರ್ಯ ಬಂತು. ಓಡಿಹೋಗಲು ವ್ಯವಸ್ಥೆಯಾದ ಮೇಲೆ ಬರುವ ಧೈರ್ಯ ಅದು.

"ಹರಿ, ಆ ಮೇಕೆ ಉಪಾಯ ಹೇಳಿಕೊಟ್ಟಿದ್ದು ನಾನೇ ಕಣೋ."

"ಗೊತ್ತು ಮಾರಾಯ" ಎಂದ. "ಹಾಸ್ಟೆಲಲ್ಲಿ ಎಷ್ಟು ಸಲ ಹೇಳಿದ್ದೀಯ! ನೆಲದ ಮೇಲೆ ಪಿನಾ ನೋಡಿದ ಕೂಡಲೆ ಗೊತ್ತಾಯ್ತು."

"ಸಬಿತಾಗೆ?"

"ಆ ಕಥೆ ನಾನೇ ಅವಳಿಗೆ ಹೇಳಿದ್ದೆ, ಮೈಸೂರಿಂದ ಬಂದಾಗ. ಅವಳೇ ಅಂದಳು, ಅತಿಥಿ ಇರೋವರೆಗೂ ಈ ಮಾತು ಬೇಡ ಅಂತ." ನನ್ನ ಬ್ಯಾಗನ್ನು ಕೈಗೆ ಕೊಟ್ಟು, "ನಾನೂ ನಗ್ತಾ ಇದ್ದೆ ಅಲ್ವಾ ಆ ಕಥೆಗೆ" ಎಂದ.

ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನ ಎಲ್ಲ ಗೊತ್ತಿದ್ದೂ ನನ್ನ ತಟ್ಟೆಗೆ ತುಪ್ಪ ಹಾಕಿದ್ದರು. ಗಡಿ ದಾಟುವವರೆಗೂ ನಾನು ಕಿಟಕಿಯ ಹೊರಗೆ ನೋಡಲಿಲ್ಲ. ಆದ್ದರಿಂದ ಆ ಬೆಟ್ಟದ ದಾರಿ ಹಗಲಲ್ಲಿ ಹೇಗಿರುತ್ತದೆ ಎಂದು ನನ್ನನ್ನು ಕೇಳಬೇಡಿ.

ದೇವಸಮುದ್ರ

ಊರಿಗೆ ಬಂದ ವಾರದಲ್ಲಿ ಕಾಲೇಜಿನ ಹಳೆಯ ದಾಖಲೆಗಳ ಕೋಣೆಗೆ ಹೋದೆ. ಎರಡು ತಿಂಗಳ ಮೇಲೆ ನಡೆದ ನಮ್ಮ ಮರುಪರೀಕ್ಷೆಯ ಹಾಜರಿ ಹಾಳೆ ಧೂಳು ಹಿಡಿದು ಅಲ್ಲೇ ಇತ್ತು. ಮೂರು ಹೆಸರುಗಳ ಮುಂದೆ ಗೈರುಹಾಜರಿ. ಮೂವರೂ ಮೊಳಕಾಲ್ಮುರು ತಾಲೂಕಿನವರು, ಬಸ್ಸಿನಲ್ಲಿ ಬರುತ್ತಿದ್ದವರು. ಇಬ್ಬರು ಈಗ ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ಮೂರನೆಯ ಹೆಸರು ತಿಪ್ಪಮ್ಮ, ದೇವಸಮುದ್ರ. ಮೂರು ವರ್ಷ ಒಂದೇ ಕ್ಲಾಸಿನಲ್ಲಿ ಕೂತಿದ್ದೆವು, ಮುಖ ನೆನಪಾಗಲಿಲ್ಲ.

ಭಾನುವಾರದ ಬಸ್ಸಿಗೆ ಹೋದೆ. ನೇಪಾಳಕ್ಕೆ ಹೋಗುವಾಗ ಇಲ್ಲದ ಹೆದರಿಕೆ ತಳಕು ದಾಟುವಾಗಲೇ ಶುರುವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ, "ಟೈಲರ್ ತಿಪ್ಪಮ್ಮಾರಾ? ಅದೇ ನೋಡ್ರಿ" ಎಂದು ತೋರಿಸಿದರು. ಮನೆಯ ಜಗಲಿಯ ಮೇಲೆ ಹೊಲಿಗೆ ಯಂತ್ರ. ನನ್ನದೇ ವಯಸ್ಸಿನ ಹೆಂಗಸು ರೇಷ್ಮೆ ಸೀರೆಯೊಂದಕ್ಕೆ ಫಾಲ್ ಹಚ್ಚುತ್ತಿದ್ದಳು.

"ಬ್ಲೌಸ್ ಆದ್ರೆ ಈ ವಾರ ಆಗಲ್ಲ ಸಾರ್, ಮದ್ವೆ ಸೀರೆ ಬಂದಾವೆ" ಎಂದಳು ತಲೆ ಎತ್ತದೆ.

ಹೆಸರು ಹೇಳಿದೆ. ಕಣ್ಣು ಕಿರಿದು ಮಾಡಿ ನೋಡಿದಳು. "ಎಣ್ಣೆ ಮಿಲ್ ಮಹೇಶಾ? ಬೆಂಚಿನ ಮ್ಯಾಲೆ ನಿಂತು ಭಾಷಣ ಮಾಡ್ತಿದ್ರಲ್ಲ!" ಎಂದು ನಕ್ಕಳು.

"ಅವತ್ತು ಪರೀಕ್ಷೆ ದಿನ ಗೇಟಿಗೆ ಅಡ್ಡ ನಿಂತಿದ್ವಲ್ಲ ಕುರಿ, ಅವನ್ನ ನಿಲ್ಸಿದ್ದು ನಾನೇ ಕಣ್ರಿ. ಬೆಳಿಗ್ಗೇನೇ ಹಿಂಡಿ ಹಾಕ್ಸಿದ್ದೆ."

ಅವಳ ಕೈ ನಿಂತಿತು. "ಹಿಂಡಿ ಹಾಕ್ಸಿದ್ರಾ?" ಎಂದಳು. "ನಮ್ಮ ಬಸ್ ಬರೋ ಹೊತ್ತಿಗೆ ಬರೀ ಕುರಿ ಬೆನ್ನು ಕಾಣ್ತಿತ್ತು ಸಾರ್. ಹಿಂಡಿ ಕಾಣ್ಲಿಲ್ಲ."

"ತಪ್ಪಾಯ್ತು" ಎಂದೆ.

ಆ ಮಾತನ್ನು ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. "ಮನೆಗೆ ಬಂದು, ಕುರಿ ಅಡ್ಡ ನಿಂತ್ವು, ಪರೀಕ್ಷೆ ಆಗ್ಲಿಲ್ಲ ಅಂದೆ. ಯಾರೂ ನಂಬ್ಲಿಲ್ಲ. ತಾತನ ಕಾಲದಿಂದ ಕುರಿ ಕಾಯೋ ಮನೆ ನಮ್ದು. ಕುರಿ ಒಂದು ಕಡೆ ಅರ್ಧ ಗಂಟೆ ನಿಲ್ತಾವೇನೇ, ಯಾರಿಗೇಳ್ತೀಯ ಈ ಕಥೆ ಅಂದ್ರು. ಕಾಲೇಜಿನ ಹೆಸ್ರೇಳಿ ಎಲ್ಲಿಗೋ ಹೋಗಿದ್ಲು ಅಂತ ಆಯ್ತು. ಮತ್ತೆ ಪರೀಕ್ಷೆ ಬಂದಾಗ ಬಸ್ ಹತ್ತಾಕೇ ಬಿಡ್ಲಿಲ್ಲ." ಸೂಜಿಯನ್ನು ಸೀರೆಗೆ ಚುಚ್ಚಿಟ್ಟು ಎದ್ದಳು. "ಒಳಾಕೆ ಬರ್ರಿ. ನಮ್ಮವ್ವ ಐತೆ. ಅದನ್ನ ಅವ್ವನ ಮುಂದೆ ಒಂದ್ಸಲ ಹೇಳ್ರಿ."

ಒಳಗೆ ಅವಳ ತಾಯಿ ಉಣ್ಣೆ ಬಿಡಿಸುತ್ತಾ ಕೂತಿದ್ದರು. ನಾನು ಹೇಳಿದೆ. ಸಾವಿರ ಸಲ ಹೇಳಿದ ಕಥೆ, ಅವತ್ತು ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಎರಡು ಸಲ ತೊದಲಿದೆ. ಸಬ್ ಇನ್ಸ್‌ಪೆಕ್ಟರ ಮಾತನ್ನು ಬಿಟ್ಟುಬಿಟ್ಟೆ.

"ಎಷ್ಟು ಹಿಂಡಿ ಹಾಕಿದ್ಯಪ್ಪ?" ಎಂದು ಕೇಳಿದರು ಆ ತಾಯಿ.

"ಆರು ಚೀಲ ಅವ್ವ."

"ಕುರಿ ಎಷ್ಟಿದ್ವು?"

"ಇನ್ನೂರರ ಮ್ಯಾಲೆ."

ಉಣ್ಣೆ ಹಿಡಿದ ಕೈ ಹಾಗೇ ನಿಂತಿತು. ಅವರು ಮನಸ್ಸಿನಲ್ಲೇ ಏನೋ ಅಳೆದರು. ಆಮೇಲೆ ತಲೆಯಾಡಿಸಿ, "ಆರು ಚೀಲಕ್ಕಾದ್ರೆ ನಿಲ್ತಾವೆ" ಎಂದರು. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿ, "ಅವತ್ತು ನಾನು ಸುಮ್ಸುಮ್ಕೆ ಹೊಡ್ದ್‌ಬಿಟ್ನಲ್ಲೇ ನಿನ್ನ" ಎಂದರು.

"ಇರ್ಲಿ ಬಿಡವ್ವ" ಎಂದಳು ತಿಪ್ಪಮ್ಮ.

ನನ್ನ ಕಡೆ ಇಬ್ಬರೂ ನೋಡಲಿಲ್ಲ. ಕೂತ್ಕೊಳ್ಳಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ನಾನು ನಿಂತೇ ಇದ್ದೆ.